ಬಿಳಿಗೆ ಶಾಯಿ ಇಲ್ಲ

ಮೇಜಿನ ಮೇಲಿನ ಪ್ರಿಂಟರಿನ ಹೊಟ್ಟೆಯಲ್ಲಿ ಆರು ಡಬ್ಬಿ:
ಹಳದಿ, ನೀಲಿ, ಕಡು ಗುಲಾಬಿ,
ಎರಡು ಬಗೆಯ ಕಪ್ಪು, ಒಂದು ಬೂದು.
ಬಿಳಿ ಮಾತ್ರ ಇಲ್ಲ.
ಬಿಳಿ ಬೇಕಾದಲ್ಲಿ ಯಂತ್ರ ಸುಮ್ಮನೆ ದಾಟಿಹೋಗುತ್ತದೆ,
ಕಾಗದವೇ ನೋಡಿಕೊಳ್ಳಲಿ ಎಂದು.

ನನಗೆ ಬಂದ ಕೆಲಸವೋ
ಬಿಳಿ ಬಟ್ಟೆಯ ಮೇಲೆ ಬಿಳಿ ನೂಲು.
ತಳಂಗರೆಯ ಕುಂಞಾಯಿಶ ಹೊಲಿದು ಮುಗಿಸಿದ ಟೊಪ್ಪಿ,
ಇನ್ನು ಹೊಲಿಯುವುದಿಲ್ಲವಂತೆ.
‘ನನ್ನ ಮುಖ ಬೇಡ, ಇದರದ್ದು ತೆಗೆ’ ಎಂದರು ಮಲೆಯಾಳದಲ್ಲಿ.
ನಾನು ಕನ್ನಡದಲ್ಲಿ ತಲೆಯಾಡಿಸಿದೆ.

ಮೂವತ್ತೊಂದು ವರ್ಷ ಸರಕಾರಿ ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ
ಊರಿನ ಎಲುಬು ತೊಳೆದು ಒಣಗಿಸಿದವನು ನಾನು.
ಅವರ ಬಲಗೈಯೂ ಒಮ್ಮೆ ನನ್ನ ಟ್ರೇಯಲ್ಲಿ ತೇಲಿತ್ತು:
ಸೂಜಿ ಹಿಡಿದೂ ಹಿಡಿದೂ ತೋರುಬೆರಳು
ಕಿರುಬೆರಳ ಕಡೆಗೆ ವಾಲಿತ್ತು.
ಬಿಳಿಯಲ್ಲಿ ಬಿಳಿ ಹುಡುಕುವುದು ನನಗೇನು ಹೊಸತೇ
ಎಂದು ಜಂಬ.

ಕಂಪ್ಯೂಟರಿನಲ್ಲಿ ತೆರೆದರೆ
ಟೊಪ್ಪಿಯಲ್ಲ, ಸುಲಿದ ಮೊಟ್ಟೆ.
ಕಸೂತಿಯ ಒಂದು ಕಣ್ಣೂ ಇಲ್ಲ.
ಮೂಲೆಯ ಬೆಳಕಿನ ನಕ್ಷೆಯಲ್ಲಿ ಗುಡ್ಡವೆಲ್ಲ
ಬಲಗೋಡೆಗೆ ಹಣೆ ಒತ್ತಿ ನಿಂತಿತ್ತು.
ಜೆಪೆಗ್ ಬದಿಗಿಟ್ಟೆ, ಕ್ಯಾಮೆರಾದ ಹಸಿ ಕಡತ ತೆರೆದೆ,
ಬೆಳಕನ್ನು ಒಂದು ಕೂದಲು ಇಳಿಸಿದೆ,
ಇನ್ನೊಂದು ಕೂದಲು.
ಹೊಲಿಗೆ ಒಂದೊಂದೇ ಮೇಲೆ ಬಂತು,
ಇಳಿತದ ಹೊತ್ತು ಚಂದ್ರಗಿರಿಯ ಅಳಿವೆಯಲ್ಲಿ
ಮರುವಾಯಿ ಹೆಕ್ಕುವವರ ಕಾಲಿಗೆ
ಚಿಪ್ಪು ಸಿಕ್ಕುವ ಹಾಗೆ.

ಆದರೂ ಪರದೆಯನ್ನು ನಂಬಬಾರದು.
ಅದು ಒಳಗಿನಿಂದ ಉರಿಯುವ ಜಾತಿ;
ಕಾಗದ ಪಾಪ, ಕಿಟಕಿಯಿಂದ ಬೆಳಕು ಸಾಲ ತರಬೇಕು.
ಮೊದಲ ಪ್ರತಿ: ಸಂಜೆ ಏಳು ಗಂಟೆಯ ಟೊಪ್ಪಿ.
ಪರದೆಯ ಹೊಳಪು ಅರ್ಧಕ್ಕೆ ತಂದು ಮತ್ತೆ ಕೂತೆ.
ಎರಡನೆಯದು: ಅವರ ಮನೆಗೋಡೆಯ ಹಸಿರು
ಅಂಚಿಗೆಲ್ಲ ಮೆತ್ತಿಕೊಂಡಿತ್ತು.
ಅಲ್ಲಿದ್ದಾಗ ಕಣ್ಣು ಕ್ಷಮಿಸಿತ್ತು, ಕಾಗದ ಕ್ಷಮಿಸಲಿಲ್ಲ.
ಮೂರನೆಯದರ ನಡುವೆ ಕರೆಂಟು ಹೋಯಿತು.
ಅರ್ಧ ಟೊಪ್ಪಿ, ಕೆಳಗೆ ಶೂನ್ಯ.
‘ಇದೇ ಚಂದ ಉಂಟು, ಸಾಕು’ ಎಂದಳು ವಾರಿಜ,
ಶಾಯಿಯ ಬಿಲ್ಲು ಎತ್ತಿಡುವವಳು ಅವಳೇ.

ಪರೀಕ್ಷೆಯ ಗೆರೆ ಎಳೆಸಿದೆ: ನಡುನಡುವೆ ಹಲ್ಲು ಬಿದ್ದಿತ್ತು.
ಸೂಜಿಗಣ್ಣಿಗಿಂತ ಸಣ್ಣ ತೂತುಗಳು,
ಕಟ್ಟಿದ ಮೂಗಿನ ಹಾಗೆ.
ತೊಳೆಸಿದೆ, ಕಾದೆ, ಮತ್ತೆ ತೊಳೆಸಿದೆ.
ಕಡಲ ಗಾಳಿಗೆ ಹಪ್ಪಳವಾಗದ ಹಾಗೆ
ಚಪ್ಪಲಿ ಪೆಟ್ಟಿಗೆಗಳ ಒಣಪುಡಿ ಪೊಟ್ಟಣ ಕೂಡಿಸಿ
ಡಬ್ಬದಲ್ಲಿ ಮುಚ್ಚಿಟ್ಟಿದ್ದ ಕಾಗದದಿಂದ
ಎರಡು ಬೆರಳಗಲ ಮಾತ್ರ ಕತ್ತರಿಸಿ
ಅಂಚಿನ ಒಂದು ಬಳ್ಳಿಯಷ್ಟೇ ಮುದ್ರಿಸಿ
ಬೆಳಗ್ಗೆ ಹತ್ತರ ಕಿಟಕಿಗೆ ಹಿಡಿದೆ.
ಅತಿ ಬೆಳ್ಳಗಿನ ಜಾಗಕ್ಕೂ ಒಂದು ಚಿಟಿಕೆ ಬೂದು ಬೇಕು.
ಇಲ್ಲದಿದ್ದರೆ ಟೊಪ್ಪಿ
ಕಾಗದದಲ್ಲಿ ತೂತು.

ನಾಲ್ಕನೆಯದನ್ನು ಇಡೀ ದಿನ ಒಣಗಿಸಿ
ಎರಡು ರಟ್ಟಿನ ನಡುವೆ ಒಯ್ದೆ.
ಆಪರೇಶನ್ ಆದ ಎಡಗಣ್ಣಿಗೆ ಹತ್ತಿರ ಹಿಡಿದರು.
ಉಗುರಿನಿಂದ ಗೀರಿ ನೂಲಿನ ಉಬ್ಬು ಹುಡುಕಿದರು.
ಆಮೇಲೆ ಮಗುಚಿ ನೋಡಿದರು.
ಹಿಂದೆ ಖಾಲಿ.

‘ಒಳಮೈ ಎಲ್ಲಿ?
ಹೊರಗೆ ಎಲ್ಲರೂ ಚಂದವೇ ಹೊಲಿಯುತ್ತಾರೆ.
ಗಂಟು ನೋಡಬೇಕು.’
ಈ ಕಾಗದದ ಬೆನ್ನಿಗೆ ಶಾಯಿ ಹಿಡಿಯುವುದಿಲ್ಲ, ಹರಡುತ್ತದೆ,
ಎಂದೆಲ್ಲ ವಿವರಿಸಿದೆ.
‘ಹಾಗಾದರೆ ಇನ್ನೊಂದು ಕಾಗದ.’

ಹಸಿರು ಗೋಡೆಗೆ ಒಂದು ಬಿಳಿ ಮುಂಡು ಕಟ್ಟಿಸಿದೆ.
ಟೊಪ್ಪಿಯನ್ನು ಒಳಹೊರಗು ಮಾಡಿ
ಮೊಣಕಾಲ ಮೇಲೆ ಕೂರಿಸಿದರು.
ಗುಡ್ಡ ಮತ್ತೆ ಬಲಕ್ಕೆ ಓಡಿತು, ಎಳೆದು ತಂದೆ.
ತುಂಬಾ ಹೊತ್ತು ನೋಡಿದೆ.
ಒಂದು ಗಂಟೂ ಇರಲಿಲ್ಲ.
ಇದ್ದರೂ
ಅಷ್ಟು ಬಿಳಿಯಲ್ಲಿ ನನಗೆ ಕಾಣಲಿಲ್ಲ.